ಬೂಷ್ಟಿಗೆ ಬಣ್ಣ ಮದ್ದಲ್ಲ!

ಆಟಿ ಕಳೆದು ಸೋಣದ ಮೊದಲ ಬಿಸಿಲು ಬಿದ್ದ ದಿನ ಕಾಸರಗೋಡು ಕಡೆಯ ಮನೆಗಳ ಅಂಗಳ ನೋಡಬೇಕು. ಮದುವೆಯ ಪಟ್ಟೆಸೀರೆ, ಚಾಪೆ, ಹಾಸಿಗೆ, ಮಕ್ಕಳ ಶಾಲೆಯ ಚೀಲ, ಚರ್ಮದ ಚಪ್ಪಲಿ, ಅಜ್ಜನ ಕಾಲದ ಪುಸ್ತಕ ಎಲ್ಲವೂ ಹೊರಗೆ. ಎಲ್ಲದರ ಮೇಲೂ ಹಸುರೋ ಬೂದಿಯೋ ಎನ್ನುವಂಥ ತೆಳು ಪುಡಿ. ನಾವು ಅದನ್ನು ಬೂಷ್ಟು ಎನ್ನುತ್ತೇವೆ, ನೆರೆಮನೆಯ ಮಲಯಾಳಿಗಳು ಪೂಪ್ಪಲ್ ಎನ್ನುತ್ತಾರೆ. ಹೆಸರು ಯಾವುದಾದರೂ ವಾಸನೆ ಒಂದೇ.

ಬಟ್ಟೆಗೆ ಎರಡು ದಿನದ ಬಿಸಿಲು ಸಾಕು. ಆದರೆ ಗೋಡೆಯನ್ನು ಅಂಗಳಕ್ಕೆ ತಂದು ಒಣಗಿಸಲು ಆಗುವುದಿಲ್ಲವಲ್ಲ! ಹಾಗಾಗಿ ನಾವು ಸುಲಭದ ದಾರಿ ಹಿಡಿಯುತ್ತೇವೆ. ಹಬ್ಬಕ್ಕೆ ಮೊದಲು ಪೈಂಟರನ್ನು ಕರೆದು ಕಪ್ಪುಕಲೆಯ ಮೇಲೆ ಬಣ್ಣ ಬಳಿಸುತ್ತೇವೆ. ದೀಪಾವಳಿಗೆ ಗೋಡೆ ಚಂದ ಕಾಣುತ್ತದೆ. ಮುಂದಿನ ಜುಲೈಗೆ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದು, ಅದರ ಅಡಿಯಿಂದ ಬೂಷ್ಟು ಮತ್ತೆ ಇಣುಕುತ್ತದೆ.

ದೂರದ ಉದಾಹರಣೆ ಬೇಡ, ನಮ್ಮ ಮನೆಯದ್ದೇ ಹೇಳುತ್ತೇನೆ. ಅಮ್ಮ ಮಲಗುವ ಕೋಣೆಯ ಮೂಲೆಯಲ್ಲಿ, ಮರದ ಕಪಾಟಿನ ಹಿಂದೆ ಮೊದಲ ವರ್ಷ ಅಂಗೈಯಗಲದ ಕಲೆ ಬಂತು. ಬಟ್ಟೆಯಲ್ಲಿ ಒರೆಸಿದೆವು. ಮರುವರ್ಷ ಪೈಂಟರ್ ಬಂದು, "ಈ ಪೈಂಟ್ ಒಮ್ಮೆ ಹಾಕಿದರೆ ಮತ್ತೆ ಐದು ವರ್ಷ ನೋಡುವುದೇ ಬೇಡ" ಎಂದು ಭರವಸೆ ಕೊಟ್ಟರು. ಒಂದೇ ಮಳೆಗಾಲಕ್ಕೆ ಬಣ್ಣ ಸುಲಿಯಿತು. ಅದರ ಮರುವರ್ಷ ಇನ್ನೂ ದುಬಾರಿಯ ಪೈಂಟ್. ಅದೂ ಹೋಯಿತು. ಅಷ್ಟರಲ್ಲಿ ಅಮ್ಮನಿಗೆ ರಾತ್ರಿಯಿಡೀ ಕೆಮ್ಮು, ಬೆಳಗ್ಗಿನ ಹೊತ್ತು ದಮ್ಮು ಶುರುವಾಗಿತ್ತು.

ಆಮೇಲೊಂದು ದಿನ ಹಟ್ಟಿಯ ಕೆಲಸಕ್ಕೆಂದು ಬಂದ ಮೇಸ್ತ್ರಿ ನೀರು ಕುಡಿಯಲು ಒಳಗೆ ಬಂದವರು ಆ ಗೋಡೆ ಕಂಡರು. ಕರಣೆಯ ಹಿಡಿಯಲ್ಲಿ ಎರಡು ಸಲ ಬಡಿದು, "ಇದು ಬಣ್ಣದ ಕೆಲಸ ಅಲ್ಲ ಮಾರಾಯ್ರೆ, ನೀರು ಎಲ್ಲಿಂದಲೋ ಬರ್ತಾ ಉಂಟು. ಮೇಲೆ ಹೋಗಿ ನೋಡುವ" ಎಂದರು. ಟೆರೇಸಿನ ಆ ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿ ತರಗೆಲೆಯಿಂದ ಕಟ್ಟಿತ್ತು. ಪೈಪು ಮತ್ತು ಸ್ಲ್ಯಾಬಿನ ನಡುವಿನ ಗಾರೆ ಬಿರುಕು ಬಿಟ್ಟಿತ್ತು. ನಿಂತ ನೀರು ಅಲ್ಲಿಂದ ಗೋಡೆಯೊಳಗೆ ಇಳಿಯುತ್ತಿತ್ತು. ಮಳೆ ಬಿಟ್ಟ ಎರಡು ದಿನ ನೋಡಿ, ಅರ್ಧ ದಿನದ ಕೆಲಸದಲ್ಲಿ ಅವರು ಅದನ್ನು ಮುಗಿಸಿದರು. ಎರಡು ವರ್ಷ ಬಣ್ಣಕ್ಕೆ ಸುರಿದ ಹಣದ ಕಾಲು ಭಾಗವೂ ಅದಕ್ಕೆ ಬೇಕಾಗಲಿಲ್ಲ.

ಆದರೆ ಕಪಾಟಿನ ಕೆಳಗಿನ ಅರೆಯಲ್ಲಿದ್ದ ಅಜ್ಜನ ಕಾಗದಪತ್ರಗಳು ಅಷ್ಟರಲ್ಲಿ ಹೋಗಿಯಾಗಿತ್ತು. ಆ ವಿಷಯ ಕೊನೆಗೆ ಹೇಳುತ್ತೇನೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಬೂಷ್ಟು ಬರುವುದು ಎಲ್ಲಿಂದ?

ಬೂಷ್ಟು ಎಂದರೆ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಎಷ್ಟೇ ಶುಚಿಯಾದ ಮನೆಯಾದರೂ ಅವುಗಳನ್ನು ಹೊರಗಿಡುವುದು ಸಾಧ್ಯವಿಲ್ಲ. ಬೆಳೆಯಲು ಅವುಗಳಿಗೆ ಬೇಕಾದದ್ದು ಮೂರೇ: ತಿನ್ನಲು ಏನಾದರೊಂದು, ಹದವಾದ ಸೆಕೆ ಮತ್ತು ನೀರು. ಬಣ್ಣ, ಮರ, ಬಟ್ಟೆ, ಕಾಗದ, ಚರ್ಮ, ಕೊನೆಗೆ ಗೋಡೆಗೆ ಅಂಟಿದ ಧೂಳೂ ಅದಕ್ಕೆ ಊಟವೇ. ಸೆಕೆ ನಮ್ಮ ಊರಿನಲ್ಲಿ ವರ್ಷವಿಡೀ ಉಂಟು. ಹಾಗಾಗಿ ನಮ್ಮ ಕೈಯಲ್ಲಿ ಉಳಿದದ್ದು ನೀರೊಂದೇ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟಿಗೆ ಬೇರೂರಲು ಸಮಯ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಚಂಡಿಯಾಗಿಯೇ ಇದ್ದರೆ ತಡೆಯುವುದು ಕಷ್ಟ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 3,500 ಮಿ.ಮೀ. ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಜಡಿಮಳೆಯ ದಿನಗಳಲ್ಲಿ ಗಾಳಿಯೇ ಹಿಂಡಿದರೆ ನೀರು ಬರುವಷ್ಟು ತೇವವಾಗಿರುತ್ತದೆ. ಹಾಗಾಗಿ ಆಟಿಯಲ್ಲಿ ಚಪ್ಪಲಿಯ ಮೇಲೆ, ಬೆಲ್ಟಿನ ಮೇಲೆ ಸ್ವಲ್ಪ ಬೂಷ್ಟು ಬಂದರೆ ಗಾಬರಿ ಬೇಡ. ಆದರೆ ಗೋಡೆಯ ಒಂದೇ ಜಾಗದಲ್ಲಿ ವರ್ಷ ವರ್ಷವೂ ಬಂದರೆ ಅದಕ್ಕೆ ಬೇರೆಯೇ ಕಾರಣವಿದೆ ಎಂದು ತಿಳಿಯಬೇಕು.

ಹಳೆಮನೆಗೆ ಇರದ ಕಾಟ

"ನಮ್ಮ ಹಳೆಮನೆಯಲ್ಲಿ ಇಷ್ಟು ಬೂಷ್ಟು ಇರಲಿಲ್ಲ" ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ. ಹಂಚಿನ ಮಾಡಿನ ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ಒಲೆಯ ಬಿಸಿ, ಹೊಗೆ ಅಟ್ಟವನ್ನು ಒಣಗಿಸುತ್ತಿತ್ತು. ಉದ್ದಕ್ಕೆ ಇಳಿದ ಮಾಡಿನ ಅಂಚು ಗೋಡೆಗೆ ಎರಚಲು ತಾಗದಂತೆ ಕಾಯುತ್ತಿತ್ತು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ. ಸುಣ್ಣ ಖಾರದ ವಸ್ತು, ಅದರ ಮೇಲೆ ಬೂಷ್ಟು ಸುಲಭದಲ್ಲಿ ಬೆಳೆಯುವುದಿಲ್ಲ. ಅದಲ್ಲದೆ ಗೋಡೆ ಕುಡಿದ ನೀರನ್ನು ಅದು ಹೊರಗೆ ಆರಲು ಬಿಡುತ್ತದೆ.

ಈಗಿನ ಟೆರೇಸ್ ಮನೆ ಹಾಗಲ್ಲ. ನಮ್ಮ ಮುರಕಲ್ಲು ಸಣ್ಣ ಸಣ್ಣ ತೂತುಗಳ ಕಲ್ಲು, ಸ್ಪಂಜಿನ ಹಾಗೆ ನೀರು ಹೀರುತ್ತದೆ. ಅದರ ಎರಡೂ ಬದಿಗೆ ಸಿಮೆಂಟಿನ ಸಾರಣೆ ಮಾಡಿ, ಮೇಲಿಂದ ಪ್ಲಾಸ್ಟಿಕ್‌ನಂಥ ಪೈಂಟ್ ಬಳಿದರೆ ಒಳಗೆ ಹೋದ ನೀರಿಗೆ ಹೊರಬರಲು ದಾರಿಯೇ ಇಲ್ಲ. ಗಾಜಿನ ಕಿಟಕಿ ಮುಚ್ಚಿಯೇ ಇರುತ್ತದೆ. ಕರೆಂಟು ಬಿಲ್ಲಿನ ಭಯಕ್ಕೆ ಫ್ಯಾನೂ ಇಲ್ಲ. ಮಳೆಯೆಂದು ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಒಣಗಿಸುತ್ತೇವೆ. ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಅದೇ ಗೋಡೆಗೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ಮಳೆಗಾಲವಿಡೀ ಬೀಗ ಹಾಕಿದ ಕೋಣೆಗಳ ಅವಸ್ಥೆಯಂತೂ ಹೇಳುವುದೇ ಬೇಡ.

ಹಾಗೆಂದು ಎಲ್ಲರೂ ಹಂಚಿನ ಮನೆಗೆ ಮರಳಲು ಸಾಧ್ಯವಿಲ್ಲ. ಇರುವ ಮನೆಯಲ್ಲಿ ನೀರಿನ ದಾರಿ ಹುಡುಕುವುದನ್ನು ಕಲಿತರೆ ಸಾಕು.

ನೀರಿನ ದಾರಿ ಹುಡುಕುವುದು ಹೇಗೆ?

ಮೊದಲು ಅದು ಬೂಷ್ಟು ಹೌದೇ ನೋಡಿ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದರೆ ಅದು ಹೆಚ್ಚಾಗಿ ಕಲ್ಲು, ಸಿಮೆಂಟಿನಿಂದ ಹೊರಬಂದ ಉಪ್ಪು. ನೀರು ಚಿಮುಕಿಸಿದರೆ ಉಪ್ಪು ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಕಪ್ಪುಕಲೆಯ ಮೇಲೆ ಬ್ಲೀಚಿನ ಒಂದು ಹನಿ ಹಾಕಿ. ಒಂದೆರಡು ನಿಮಿಷದಲ್ಲಿ ಬಣ್ಣ ತೆಳುವಾದರೆ ಬೂಷ್ಟು, ಹಾಗೆಯೇ ಉಳಿದರೆ ಹೆಚ್ಚಾಗಿ ಮಸಿ ಅಥವಾ ಕೊಳೆ.

ಇನ್ನು ಕಲೆ ಇರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ನೆಲದಿಂದ ಎರಡು-ಮೂರು ಅಡಿ ಎತ್ತರದವರೆಗೆ ಮಾತ್ರ ಚಂಡಿ, ಜೊತೆಗೆ ಬಿಳಿ ಉಪ್ಪು ಇದ್ದರೆ ನೀರು ಮಣ್ಣಿನಿಂದ ಮೇಲಕ್ಕೆ ಏರುತ್ತಿದೆ. ಹೊರಗೆ ಗೋಡೆಗೆ ತಾಗಿ ಮಣ್ಣು ರಾಶಿ ಬಿದ್ದಿದೆಯೇ, ಅಂಗಳದ ನೀರು ಗೋಡೆಯ ಕಡೆಗೇ ಹರಿಯುತ್ತಿದೆಯೇ ನೋಡಿ. ಒಂದು ಹಾರೆ ಹಿಡಿದು ಚರಂಡಿ ಬಿಡಿಸಿದರೇ ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಸೀಲಿಂಗಿನಲ್ಲಿ ಅಥವಾ ಗೋಡೆಯ ಮೇಲಂಚಿನಲ್ಲಿ ಕಂದುಬಣ್ಣದ ಉಂಗುರದಂಥ ಕಲೆ ಇದ್ದರೆ ಅದು ಮೇಲಿನ ಸೋರಿಕೆ. ಟೆರೇಸಿನ ಪೈಪಿನ ಬಾಯಿ, ಪ್ಯಾರಾಪೆಟ್ಟಿನ ಬುಡ, ಕಿಟಕಿಯ ಸನ್‌ಶೇಡ್ ಗೋಡೆಗೆ ಸೇರುವ ಗೆರೆ, ನೀರಿನ ಟ್ಯಾಂಕಿನ ಅಡಿ, ಈ ನಾಲ್ಕು ಜಾಗ ಮೊದಲು ನೋಡಿ. ಆದರೆ ಪಾಚಿ ಹಿಡಿದ ಟೆರೇಸಿಗೆ ಮಳೆಯಲ್ಲಿ ಹತ್ತುವ ಸಾಹಸ ಬೇಡ.

ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲೂ ಗೋಡೆ ಒಣಗದಿದ್ದರೆ ಮಳೆಯನ್ನು ಬೈದು ಪ್ರಯೋಜನವಿಲ್ಲ, ಒಳಗಿನ ಪೈಪನ್ನೇ ಸಂಶಯಿಸಬೇಕು. ಬಾತ್‌ರೂಮಿನ ಆಚೆ ಬದಿಯ ಗೋಡೆಯಾದರೆ ಇನ್ನಷ್ಟು ಖಚಿತ. ಪರೀಕ್ಷೆ ಸುಲಭ. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಯಾರೂ ನೀರು ಬಳಸದೆ, ಪಂಪೂ ಓಡದೆ ಬೆಳಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮೂಲೆಗಳಲ್ಲಿ, ಕಪಾಟಿನ ಹಿಂದೆ, ಮಂಚದ ತಲೆಯ ಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹರಡಿದ ಬೂಷ್ಟು ಹೆಚ್ಚಾಗಿ ಗಾಳಿ ಆಡದೆ ಬಂದದ್ದು. ವಯನಾಡು, ಗೂಡಲೂರು ಕಡೆಯ ಚಳಿಯ ಊರುಗಳಲ್ಲಿ ತಣ್ಣಗಾದ ಗೋಡೆಯ ಮೇಲೆ ಒಳಗಿನ ಹಬೆಯೇ ನೀರಾಗಿ ಕೂತು ಇದೇ ತೊಂದರೆ ಕೊಡುತ್ತದೆ. ಸಂಶಯ ಬಂದರೆ ಇನ್ನೊಂದು ಪರೀಕ್ಷೆ ಉಂಟು. ಗೋಡೆಯ ಮೇಲೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ನೀರಹನಿ ಕೂತರೆ ಕೋಣೆಯ ಗಾಳಿಯ ತೇವ, ಗೋಡೆಯ ಬದಿಯಲ್ಲಿ ಕೂತರೆ ಗೋಡೆಯೊಳಗಿನ ನೀರು. ಮೊದಲನೆಯದಕ್ಕೆ ಕಿಟಕಿ ಸಾಕು. ಎರಡನೆಯದಕ್ಕೆ ಕೆಲಸದವರು ಬೇಕು.

ನಾವೇ ಮಾಡಬಹುದಾದ ಕೆಲಸ

ಗಾಳಿಯ ತೇವದಿಂದ ಬಂದ ಸಣ್ಣ ಕಲೆಯನ್ನು ಮನೆಯವರೇ ತೆಗೆಯಬಹುದು. ಕೊರೋನಾ ಕಾಲದಲ್ಲಿ ತಂದ ಎನ್-95 ಮಾಸ್ಕ್ ಉಳಿದಿದ್ದರೆ ಈಗ ಹಾಕಿಕೊಳ್ಳಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಕಿಟಕಿ ತೆರೆದು, ಕೋಣೆಯ ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ. ಫ್ಯಾನ್ ತಿರುಗುತ್ತಿದ್ದರೆ ಬೂಷ್ಟಿನ ಪುಡಿ ಮನೆಯಿಡೀ ಹಾರುತ್ತದೆ. ಹಿಡಿಸೂಡಿಯಿಂದ ಒಣಗೋಡೆಯನ್ನು ಗುಡಿಸುವುದೂ ಅದೇ ತಪ್ಪು. ಮೊದಲು ಗೋಡೆಗೆ ನೀರು ಚಿಮುಕಿಸಿ, ಬಟ್ಟೆ ಒಗೆಯುವ ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ, ಬೇರೆ ಬಟ್ಟೆಯಲ್ಲಿ ಒರೆಸಿ. ಎಲ್ಲ ಮುಗಿದ ಮೇಲೆ ಫ್ಯಾನ್ ಹಾಕಿ ಚೆನ್ನಾಗಿ ಒಣಗಿಸಿ. ಹೆಚ್ಚಿನ ಕಡೆ ಸೋಪು ಮತ್ತು ತೋಳಿನ ಬಲವೇ ಸಾಕಾಗುತ್ತದೆ.

ಟೈಲ್ಸ್, ಗಾಜಿನಂಥ ನುಣುಪು ಮೈಗೆ ಬ್ಲೀಚ್ ಹಾಕಬಹುದು. ನಾಲ್ಕು ಲೀಟರ್ ನೀರಿಗೆ ಒಂದು ಲೋಟಕ್ಕಿಂತ ಹೆಚ್ಚು ಬೇಡ. ಇಲ್ಲಿ ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕಾದದ್ದು: ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಇರುವ ಯಾವುದನ್ನೂ ಸೇರಿಸಬೇಡಿ. ಏಳುವ ವಿಷದ ಗಾಳಿ ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ. ತೋಟಕ್ಕೆಂದು ತಂದ ಮೈಲುತುತ್ತು ಉಳಿದಿದೆ ಎಂದು ಅದನ್ನು ಮಲಗುವ ಕೋಣೆಗೆ ಹೊಡೆಯುವುದೂ ಬೇಡ.

ಬೂಷ್ಟು ಒಳಗಿನವರೆಗೂ ಇಳಿದ ಹತ್ತಿಯ ಹಾಸಿಗೆ, ಉಬ್ಬಿದ ಪ್ಲೈವುಡ್, ಜಿಪ್ಸಮ್ ಸೀಲಿಂಗ್ ಶೀಟು ಇವನ್ನು ಉಳಿಸಲು ಹೋಗಬೇಡಿ. ಹೊರಗೆ ಒರೆಸಿದರೂ ಒಳಗೆ ಇರುತ್ತದೆ.

ಮತ್ತೆ ಬಾರದಂತೆ ನೋಡಿಕೊಳ್ಳುವುದು ಅಭ್ಯಾಸದ ಮಾತು. ಕಪಾಟು, ಮಂಚ ಗೋಡೆಯಿಂದ ನಾಲ್ಕು ಬೆರಳಾದರೂ ದೂರವಿರಲಿ. ಮಳೆ ಹೊಳವಾದ ಹೊತ್ತು ನೋಡಿ ಎದುರುಬದುರಿನ ಎರಡು ಕಿಟಕಿ ತೆರೆಯಿರಿ. ಅಡುಗೆಮನೆ, ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಇರಲಿ. ಒದ್ದೆ ಬಟ್ಟೆಗೆ ಮಲಗುವ ಕೋಣೆ ಬೇಡ, ಚಾವಡಿಯೋ ಶೀಟು ಹಾಕಿದ ಟೆರೇಸೋ ಸಾಕು.

ಆರೋಗ್ಯದ ಮಾತು

2021ರಲ್ಲಿ ಕೊರೋನಾದ ಎರಡನೇ ಅಲೆಯ ಹೊತ್ತಿಗೆ "ಬ್ಲ್ಯಾಕ್ ಫಂಗಸ್" ಎಂಬ ಹೆಸರು ಕೇಳಿ ಊರೆಲ್ಲ ಹೆದರಿತ್ತು. ಗೋಡೆಯ ಕಪ್ಪು ಬೂಷ್ಟನ್ನು ಕಂಡು ಇದೂ ಅದೇ ಎಂದು ತಿಳಿದವರಿದ್ದಾರೆ. ಅದು ಹಾಗಲ್ಲ. ಆಗ ಬಂದದ್ದು ಮ್ಯೂಕರ್ ಜಾತಿಯ ಶಿಲೀಂಧ್ರಗಳ ಸೋಂಕು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದವರನ್ನು, ಸ್ಟಿರಾಯ್ಡ್ ಪಡೆದವರನ್ನು ಅದು ಹೆಚ್ಚು ಕಾಡಿತು. ಸತ್ತ ಮಾಂಸ ಕಪ್ಪಾಗುವುದರಿಂದ ಆ ಹೆಸರು ಬಂತೇ ಹೊರತು ಶಿಲೀಂಧ್ರವೇ ಕಪ್ಪು ಎಂದಲ್ಲ. ಗೋಡೆಯ ಬೂಷ್ಟಿನ ಬಣ್ಣ ನೋಡಿ ವಿಷ ಅಳೆಯಲು ಬರುವುದಿಲ್ಲ.

ಹಾಗೆಂದು ಉಪೇಕ್ಷೆ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಇಂಥ ಮನೆಗಳಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಎಂಬುದು ಅದರ ಸಾರ. ಮನೆಯಲ್ಲಿದ್ದಾಗ ಸೀನು, ಕಣ್ಣು ತುರಿಕೆ, ರಾತ್ರಿಯ ಕೆಮ್ಮು, ನೆಂಟರ ಮನೆಗೆ ಹೋಗಿ ನಾಲ್ಕು ದಿನ ಉಳಿದರೆ ಗುಣ, ಬಂದರೆ ಮತ್ತೆ ಶುರು ಎಂದಾದರೆ ಡಾಕ್ಟರಿಗೆ ಇದನ್ನು ತಪ್ಪದೆ ಹೇಳಿ. ಅಮ್ಮನ ವಿಷಯದಲ್ಲಿ ನಾವು ಹೇಳಿರಲೇ ಇಲ್ಲ. "ವಯಸ್ಸಾಯಿತಲ್ಲ, ಮಳೆಗಾಲವಲ್ಲ" ಎಂದು ಸುಮ್ಮನಿದ್ದೆವು. ಗೋಡೆ ಒಣಗಿ ಕೋಣೆ ಬದಲಿಸಿದ ಮೇಲೆ ಕೆಮ್ಮು ಕಡಿಮೆಯಾದಾಗಲೇ ನಮಗೆ ಹೊಳೆದದ್ದು.

ದಮ್ಮು ಇರುವವರು, ಸಣ್ಣ ಮಕ್ಕಳು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಕಿಡ್ನಿ ಕಸಿ ಆದವರು ಬೂಷ್ಟು ತೆಗೆಯುವ ಕೆಲಸಕ್ಕೆ ಕೈಹಾಕಲೇಬಾರದು. ಆ ದಿನ ಅವರು ಆ ಕೋಣೆಯ ಹತ್ತಿರವೂ ಇರಬಾರದು.

ಯಾವಾಗ ಕೆಲಸದವರನ್ನು ಕರೆಯಬೇಕು?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಸುಲಭದ ಅಳತೆ ಹೇಳಿದೆ. ಕಲೆ ಸುಮಾರು ಹತ್ತು ಚದರಡಿಗಿಂತ, ಎಂದರೆ ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಮನೆಯವರೇ ತೆಗೆಯಬಹುದು. ಅದಕ್ಕಿಂತ ದೊಡ್ಡದಾದರೆ ತಿಳಿದವರನ್ನು ಕರೆಯುವುದು ಒಳ್ಳೆಯದು. ಈ ಅಳತೆ ನಮ್ಮ ಊರಿಗೂ ಆದೀತು. ಇದಲ್ಲದೆ ಕಲೆ ಸಣ್ಣದಿದ್ದರೂ ಕಾಯದೆ ಕರೆಯಬೇಕಾದ ಸಂದರ್ಭಗಳಿವೆ.

* ಎರಡು ಸಲ ಸರಿಯಾಗಿ ತೊಳೆದು ಒಣಗಿಸಿದರೂ ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಬಂದರೆ.

* ಸ್ವಿಚ್ ಬೋರ್ಡ್, ಫ್ಯಾನಿನ ಕೊಕ್ಕೆ, ಲೈಟಿನ ಬುಡದಲ್ಲಿ ತೇವ ಕಂಡರೆ. ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಆಮೇಲೆ ಇಲೆಕ್ಟ್ರಿಷಿಯನ್. ಒದ್ದೆ ಗೋಡೆಯಲ್ಲಿ ಕರೆಂಟು ಹರಿದು ಜೀವ ಹೋಗಬಹುದು.

* ಸೀಲಿಂಗಿನಲ್ಲಿ ತುಕ್ಕಿನ ಬಣ್ಣದ ಗೆರೆ, ಕಬ್ಬಿಣದ ಸರಳಿನ ಉದ್ದಕ್ಕೂ ಬಿರುಕು, ಕಾಂಕ್ರೀಟ್ ಕಳಚಿ ಬೀಳುವುದು. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಕಡಲ ಕರೆಯ ಉಪ್ಪುಗಾಳಿಗೆ ಇದು ಇನ್ನೂ ಬೇಗ. ಇದು ಪೈಂಟರ್ ಅಥವಾ ಮೇಸ್ತ್ರಿಯ ಕೆಲಸವೂ ಅಲ್ಲ, ಎಂಜಿನಿಯರ್ ನೋಡಬೇಕು. ಅಲ್ಲಿಯವರೆಗೆ ಅದರ ಅಡಿಯಲ್ಲಿ ಯಾರನ್ನೂ ಮಲಗಿಸಬೇಡಿ.

* ನೆರೆನೀರು ಅಥವಾ ಸೆಪ್ಟಿಕ್ ಟ್ಯಾಂಕಿನ ನೀರು ಒಳಗೆ ಬಂದಿದ್ದರೆ. 2018ರ ಆಗಸ್ಟಿನ ಮಹಾಪ್ರಳಯದಲ್ಲಿ ಕೇರಳದ ಮನೆಗಳಿಗೆ ಮರಳಿದವರಿಗೆ ಕೆಸರಿನ ಜೊತೆ ಬೂಷ್ಟೂ ಎದುರಾಗಿತ್ತು.

* ಏಸಿಯ ಒಳಗೆ ಬೂಷ್ಟಿನ ವಾಸನೆ ಬಂದರೆ. ಸರಿಮಾಡುವವರೆಗೆ ಅದನ್ನು ಹಾಕಬೇಡಿ.

* ಏಣಿ ಇಟ್ಟು, ಜಾರುವ ಮಾಡು ಹತ್ತಿ ಮಾಡಬೇಕಾದ ಯಾವುದೇ ಕೆಲಸ.

ಯಾರನ್ನು ಕರೆಯುವುದು? ಏನು ಕೇಳುವುದು?

ಬೂಷ್ಟು ತೆಗೆಯುವುದೇ ಕಸುಬಾದವರು ನಮ್ಮ ಊರುಗಳಲ್ಲಿ ಸಿಗುವುದು ಅಪರೂಪ. ಹಾಗಾಗಿ ಕರೆಯುವ ಕ್ರಮ ತಿಳಿದಿರಬೇಕು. ಪೈಪಿನ ಸಂಶಯವಾದರೆ ಪ್ಲಂಬರ್, ಮೇಲಿನ ಸೋರಿಕೆಯಾದರೆ ಮೇಸ್ತ್ರಿ ಅಥವಾ ವಾಟರ್‌ಪ್ರೂಫಿಂಗ್‌ನವರು, ಸ್ಲ್ಯಾಬಿಗೆ ತೊಂದರೆಯಾದರೆ ಪಂಚಾಯತಿಗೆ ಮನೆಯ ಪ್ಲಾನ್ ಮಾಡಿಕೊಡುವ ಲೈಸೆನ್ಸ್ ಇರುವ ಎಂಜಿನಿಯರ್. ಪೈಂಟರ್ ಬರಬೇಕಾದದ್ದು ಎಲ್ಲರಿಗಿಂತ ಕೊನೆಗೆ, ಅದೂ ಗೋಡೆ ಪೂರ್ತಿ ಒಣಗಿದ ಮೇಲೆ. ಒದ್ದೆ ಗೋಡೆಯ ಒಳಬದಿಗೆ ಎಷ್ಟು ದುಬಾರಿಯ ವಾಟರ್‌ಪ್ರೂಫ್ ಪೈಂಟ್ ಹಾಕಿದರೂ ನೀರು ಒಳಗೇ ಸಿಕ್ಕಿಬಿದ್ದು ಅದನ್ನು ಸುಲಿದು ಎಸೆಯುತ್ತದೆ.

ಬಂದವರಿಗೆ ಮೊದಲ ಪ್ರಶ್ನೆ, "ನೀರು ಎಲ್ಲಿಂದ ಬರುವುದು, ತೋರಿಸಿ" ಎಂದಿರಲಿ. ಅದಕ್ಕೆ ಉತ್ತರಿಸದೆ ನೇರ ಡಬ್ಬದ ಹೆಸರು ಹೇಳುವವರನ್ನು ನಯವಾಗಿ ಕಳುಹಿಸಿಬಿಡಿ. ಯಾವ ಸಾಮಾನು, ಎಷ್ಟು ಚದರಡಿ, ಎಷ್ಟು ಹಣ, ಮತ್ತೆ ಸೋರಿದರೆ ಯಾರ ಖರ್ಚು, ಇಷ್ಟನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಇಬ್ಬರಿಂದಲಾದರೂ ರೇಟು ಕೇಳಿ. ಟೆರೇಸಿನ ಕೆಲಸವಾದರೆ, ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ಎರಡು ದಿನ ನಿಲ್ಲಿಸಿ ಕೆಳಗೆ ಸೋರುತ್ತದೆಯೇ ನೋಡಿ. ಆಮೇಲೆ ಬಾಕಿ ಹಣ. ಬಿಲ್ಲು ಇಟ್ಟುಕೊಂಡರೆ ಮೋಸವಾದಾಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಆಧಾರವಿರುತ್ತದೆ.

ಬರುವ ಕೆಲಸದವರಿಗೆ ಕನ್ನಡ ಬಾರದಿದ್ದರೆ ಮಾತು ತಪ್ಪಿ ಕೆಲಸವೂ ತಪ್ಪುವುದುಂಟು. ನಮ್ಮ ಮನೆಯ ಹಿರಿಯರಿಗೆ ಈ ನಾಲ್ಕು ಮಲಯಾಳ ಶಬ್ದ ತಿಳಿದಿದ್ದರೆ ಉಪಕಾರ: ಸೋರಿಕೆಗೆ ಚೋರ್ಚ, ಒದ್ದೆಗೆ ನನವ್, ಬಿರುಕಿಗೆ ವಿಳ್ಳಲ್, ಕಾಂಕ್ರೀಟ್ ಸ್ಲ್ಯಾಬಿಗೆ ವಾರ್ಪ್. "ಚೋರ್ಚ ಎವಿಡೆ?" ಎಂದು ಕೇಳಿದರೆ ಸೋರಿಕೆ ಎಲ್ಲಿ ಎಂದಾಯಿತು.

ಗೋಡೆ ಮತ್ತೆ ಕಟ್ಟಬಹುದು, ಕಾಗದ?

1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಕಾಲದ ಕನ್ನಡ ದಸ್ತಾವೇಜು, ಅಜ್ಜಂದಿರ ಪತ್ರ, ಶಾಲೆಯ ಸರ್ಟಿಫಿಕೇಟು, ಕೈಯಲ್ಲಿ ಬರೆದ ಯಕ್ಷಗಾನ ಪ್ರಸಂಗ, ತಾಳೆಗರಿ ಇವೆಲ್ಲ ಇಲ್ಲಿಯ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇವೆ. ಈ ನೆಲದಲ್ಲಿ ನಾವು ಯಾವಾಗಿನಿಂದ ಇದ್ದೇವೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ. ರಿಜಿಸ್ಟರ್ ಆದ ದಸ್ತಾವೇಜಿನ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ಪಡೆಯಬಹುದು. ಅಜ್ಜನ ಪತ್ರದ ನಕಲು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ನಮ್ಮ ಕಪಾಟಿನ ಕೆಳಗಿನ ಅರೆಯಲ್ಲಿದ್ದದ್ದು ಅಂಥ ಒಂದು ಕಟ್ಟು. ತೆರೆದಾಗ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿತ್ತು. ಬಿಡಿಸಲು ಹೋದ ನನ್ನ ಅವಸರದಿಂದಲೇ ಅರ್ಧ ಹರಿದುಹೋಯಿತು.

ನಿಮಗೆ ಹಾಗಾಗದಿರಲಿ. ಕಾಗದದ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ, ನೆಲದ ಮೇಲೆ ಇಡಬೇಡಿ. ಬಜೆ, ಬೇವಿನ ಎಲೆ ಹುಳಕ್ಕೆ ಆದೀತು, ಬೂಷ್ಟಿಗೆ ಆಗದು. ಅದಕ್ಕೆ ಬೇಕಾದದ್ದು ಒಣಗಾಳಿ. ಬೂಷ್ಟು ಬಂದ ಪುಸ್ತಕವನ್ನು ಬೇರೆ ಪುಸ್ತಕಗಳಿಂದ ದೂರವಿಟ್ಟು, ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಮಾಸ್ಕ್ ಹಾಕಿ, ಹೊರಗೆ ಕೂತು ಮೆತ್ತನೆಯ ಬ್ರಷ್ಷಿನಿಂದ ಪುಡಿ ತೆಗೆಯಿರಿ. ನೀರು, ಬ್ಲೀಚ್ ತಾಗಿಸಬೇಡಿ. ಪೂರ್ತಿ ನೆನೆದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ. ಬೂಷ್ಟು ಮುಂದುವರಿಯದು, ಯೋಚಿಸಲು ಸಮಯ ಸಿಗುತ್ತದೆ. ಹಳೆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಲೇಬೇಡಿ. ಅಂಟಿಹೋದ ಕಟ್ಟು ಮತ್ತು ತಾಳೆಗರಿಯ ಮಟ್ಟಿಗೆ ಮನೆಮದ್ದು ಇಲ್ಲ. ಹಸ್ತಪ್ರತಿ ವಿಭಾಗ ಇರುವ ಗ್ರಂಥಾಲಯದ ಅಥವಾ ವಿಶ್ವವಿದ್ಯಾಲಯದ ತಿಳಿದವರಿಗೇ ಒಯ್ದು ಕೊಡಬೇಕು. ಮತ್ತೆ, ಇವತ್ತೇ ಮೊಬೈಲಿನಲ್ಲಿ ಒಂದೊಂದು ಪುಟದ ಫೋಟೋ ತೆಗೆದಿಡಿ. ಅದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ.

ತೋಟದವರಿಗೆ ಕೊನೆಗೆ ಒಂದು ಮಾತು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಮದ್ದು ಬಿಟ್ಟರೆ ಫಲವಿಲ್ಲ, ಮಳೆ ಹಿಡಿಯುವ ಮೊದಲೇ ಬಿಡಬೇಕು ಎಂಬುದು ನಮಗೆ ಯಾರೂ ಕಲಿಸಬೇಕಾದದ್ದಲ್ಲ. ಮನೆಗೂ ಅದೇ ಲೆಕ್ಕ. ಮಳೆಯಲ್ಲಿ ಕಲೆ ಎಲ್ಲಿ ಬಂತು ಎಂದು ಫೋಟೋ ತೆಗೆದು, ಪೆನ್ಸಿಲಿನಲ್ಲಿ ಅಂಚಿಗೆ ಗೆರೆ ಎಳೆದು ತಾರೀಕು ಬರೆದಿಡಿ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಮೇಸ್ತ್ರಿಗೆ ಆ ಗೆರೆ ತೋರಿಸಿ. ಮೇ ತಿಂಗಳ ಕೊನೆಗೆ ಟೆರೇಸಿನ ತರಗೆಲೆ ತೆಗೆದು, ಪೈಪಿನ ಬಾಯಿ ಬಿಡಿಸಿ.

ನಮ್ಮ ಅಮ್ಮನ ಕೋಣೆಯ ಗೋಡೆಯ ಮೇಲೆ ಆ ಪೆನ್ಸಿಲ್ ಗೆರೆ ಈಗಲೂ ಉಂಟು. ಬಣ್ಣ ಬಳಿಯುವಾಗ ಅಷ್ಟು ಜಾಗ ಬಿಡಲು ಹೇಳಿದೆವು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಅಮ್ಮನೇ ಅದರ ಮೇಲೆ ಕೈ ಸವರಿ ನೋಡುತ್ತಾರೆ. "ಒಣಗಿಯೇ ಉಂಟು" ಎಂದ ಮೇಲೆಯೇ ದೀಪ ಆರಿಸುವುದು.